ಶಿಮ್ಲಾದ ಸಿಸ್ಟರ್‌ಗಳ ಕಾಲೇಜಿಗೆ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ನಾವು ದಾವಣಗೆರೆ ಕಡೆಯ ಲಿಂಗಾಯತರು. ನಮ್ಮ ಯಜಮಾನರು ಕೇಂದ್ರ ಸರ್ಕಾರಿ ನೌಕರರು, ಬೆಂಗಳೂರಿನಿಂದ ಶಿಮ್ಲಾಕ್ಕೆ ವರ್ಗವಾಗಿದೆ. ಮಗಳು ಕಾಮರ್ಸ್‌ನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ಮೊನ್ನೆಯಷ್ಟೇ ಹದಿನೆಂಟು ತುಂಬಿತು. ಅಲ್ಲಿನ ಸೇಂಟ್ ಬೀಡ್ಸ್ ಮಹಿಳಾ ಕಾಲೇಜಿಗೇ ಸೇರಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮ ಅತ್ತೆಯವರು ‘ಅದು ಸಿಸ್ಟರ್‌ಗಳ ಕಾಲೇಜು, ದಿನಾ ಪ್ರಾರ್ಥನೆ ಮಾಡಿಸ್ತಾರೆ, ಕೊನೆಗೆ ಧರ್ಮ ಬಿಡಿಸ್ತಾರೆ’ ಅಂತ ಊಟ ಬಿಟ್ಟು ಕೂತಿದ್ದಾರೆ. ನಮ್ಮಂಥವರಿಗೆ ಅಲ್ಲಿ ಸೀಟು ಸಿಗುತ್ತದೆಯೇ? ಪ್ರಾರ್ಥನೆ ಕಡ್ಡಾಯವೇ? ಆ ಡಿಗ್ರಿ ಕರ್ನಾಟಕದಲ್ಲಿ ನಡೆಯುತ್ತದೆಯೇ? ಮಧ್ಯದಲ್ಲಿ ಮತ್ತೆ ವರ್ಗವಾದರೆ ಏನು ಮಾಡುವುದು?

ಉತ್ತರ: ಅತ್ತೆಯವರ ಆತಂಕದಿಂದಲೇ ಶುರು ಮಾಡುತ್ತೇನೆ. ಮನೆಯಲ್ಲಿ ಅದು ಇತ್ಯರ್ಥವಾಗದಿದ್ದರೆ ಸೀಟು, ಡಿಗ್ರಿ, ವರ್ಗ ಯಾವುದರ ಬಗ್ಗೆ ಬರೆದೂ ಉಪಯೋಗವಿಲ್ಲ.

ನಮ್ಮ ಊರುಗಳಲ್ಲಿ ಕಾನ್ವೆಂಟ್ ಅಂದರೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಮೀಡಿಯಂ ಶಾಲೆ. ಅದನ್ನು ನಡೆಸುವವರು ಪಕ್ಕದ ಬೀದಿಯ ಅಕ್ಕಿ ಗಿರಣಿ ಸಾಹುಕಾರರಾದರೂ ಅದು ಕಾನ್ವೆಂಟೇ. ಪದದ ಮೂಲ ಅರ್ಥ ಬೇರೆ: ಸನ್ಯಾಸಿನಿಯರು ಒಟ್ಟಾಗಿ ಬಾಳುವ ಮನೆ, ನಮ್ಮ ಮಾತಿನಲ್ಲಿ ಮಠ. ಮಠ ಶಾಲೆ-ಕಾಲೇಜು ನಡೆಸುವುದು ನಿಮ್ಮ ಮನೆಯವರಿಗೆ ಹೊಸದಲ್ಲ. ಸಿರಿಗೆರೆ ನಿಮಗೆ ಹತ್ತಿರ, ಸುತ್ತೂರು ಗೊತ್ತು, ಸಿದ್ಧಗಂಗೆಯಂತೂ ಹೇಳುವುದೇ ಬೇಡ. ಸಿದ್ಧಗಂಗೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹುಡುಗರು ಸಾಲಾಗಿ ಕೂರುತ್ತಾರೆ. ಅಲ್ಲಿ ಉಂಡು ಓದಿದ ಮುಸ್ಲಿಂ ಹುಡುಗ ಇಷ್ಟಲಿಂಗ ಕಟ್ಟಿಕೊಂಡು ಮನೆಗೆ ಹೋದ ಅಂತ ಯಾರೂ ದೂರಿದ್ದು ನಾನು ಕೇಳಿಲ್ಲ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ. ವಾದಕ್ಕೆ ಬೇಡ, ಹೋಲಿಕೆಗೆ.

ಈ ಕಾಲೇಜಿನ ಸಿಸ್ಟರ್‌ಗಳು ಯಾರು ಎಂಬುದೂ ಗೊತ್ತಿರಲಿ. ಇದನ್ನು ನಡೆಸುವುದು ಜೀಸಸ್ ಆಂಡ್ ಮೇರಿ ಎಂಬ ಸನ್ಯಾಸಿನಿಯರ ಸಭೆ. ಫ್ರಾನ್ಸಿನ ಲಿಯೋನ್ ನಗರದ ಕ್ಲೋಡಿನ್ ತೆವೆನೆ ಎಂಬ ಮಹಿಳೆ 1818ರಲ್ಲಿ ಇದನ್ನು ಕಟ್ಟಿದರು. ಫ್ರೆಂಚ್ ಕ್ರಾಂತಿಯ ರಕ್ತಪಾತದಲ್ಲಿ, 1794ರಲ್ಲಿ, ಆಕೆಯ ಇಬ್ಬರು ಅಣ್ಣತಮ್ಮಂದಿರನ್ನು ಕೊಂದರು. ಅಪ್ಪ-ಅಮ್ಮ ಇಲ್ಲದೆ ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು ಕರೆದು ಅನ್ನ, ಕಸುಬು, ಅಕ್ಷರ ಕೊಡುವುದರಿಂದ ಆಕೆಯ ಕೆಲಸ ಶುರುವಾಯಿತು. ಸಭೆಯ ಸಿಸ್ಟರ್‌ಗಳು 1842ರಲ್ಲಿ ಆಗ್ರಾಕ್ಕೆ ಬಂದರು, ಅಲ್ಲಿಂದ ಮಸ್ಸೂರಿ, 1864ರಲ್ಲಿ ಶಿಮ್ಲಾ. ಶಿಮ್ಲಾ ಅಧಿಕೃತವಾಗಿ ಬ್ರಿಟಿಷರ ಬೇಸಿಗೆ ರಾಜಧಾನಿಯಾದದ್ದೂ ಅದೇ 1864ರಲ್ಲಿ. ಗುಡ್ಡದ ಊರುಗಳಲ್ಲಿ ಬಿಳಿಯರ ಮಕ್ಕಳಿಗಾಗಿ ಶಾಲೆ ಮೇಲೆ ಶಾಲೆ ಎದ್ದವು, ಆದರೆ ತರಬೇತಿಯಾದ ಶಿಕ್ಷಕಿಯರು ಬೇಕಲ್ಲ? 1903ರಲ್ಲಿ ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು ಬಂತು. ಮರುವರ್ಷ, 1904ರಲ್ಲಿ, ಸೇಂಟ್ ಬೀಡ್ಸ್ ಶುರುವಾಯಿತು. ಮೊದಲಿಗೆ ಅದು ಶಿಕ್ಷಕಿಯರ ತರಬೇತಿ ಸಂಸ್ಥೆ, ಪದವಿ ಕಾಲೇಜಾಗಿ ಬೆಳೆದದ್ದು ಆಮೇಲೆ. ಬೀಡ್ ಎಂಬ ಹೆಸರು ಇಂಗ್ಲೆಂಡಿನ ಎಂಟನೇ ಶತಮಾನದ ಒಬ್ಬ ಸನ್ಯಾಸಿಯದು. ಬದುಕಿಡೀ ಒಂದೇ ಮಠದಲ್ಲಿ ಕೂತು ಓದುತ್ತ, ಬರೆಯುತ್ತ, ಹುಡುಗರಿಗೆ ಪಾಠ ಹೇಳುತ್ತ ಕಳೆದವರು. ಪೋಪ್ ಅವರನ್ನು ಚರ್ಚಿನ ಮಹಾಪಂಡಿತರ ಸಾಲಿಗೆ ಸೇರಿಸಿದ್ದು 1899ರಲ್ಲಿ. ಐದು ವರ್ಷದ ನಂತರ ಹುಟ್ಟಿದ ಶಿಕ್ಷಕಿಯರ ಸಂಸ್ಥೆಗೆ ಇದಕ್ಕಿಂತ ಹೊಂದುವ ಹೆಸರು ಇರಲಿಲ್ಲ. (ನಿಮ್ಮ ಮಗಳ ಹಟಕ್ಕೆ ಬೀಡ್ ಕಾರಣ ಇರಲಾರರು, ಅಲ್ಲಿ ಓದಿದ ನಟಿ ಪ್ರೀತಿ ಜಿಂಟಾ ಕಾರಣ ಇದ್ದರೂ ಇರಬಹುದು. ಅದನ್ನು ತಪ್ಪೆನ್ನಲಾರೆ.)

ಈಗ ಒಂದು ಲೆಕ್ಕ. ಈ ಸಭೆ ಶಿಮ್ಲಾದಲ್ಲಿ ಕಾಲಿಟ್ಟು ನೂರೈವತ್ತು ವರ್ಷ ದಾಟಿದೆ. 2011ರ ಜನಗಣತಿಯಂತೆ ಇಡೀ ಹಿಮಾಚಲ ಪ್ರದೇಶದಲ್ಲಿ ಕ್ರೈಸ್ತರು 12,646 ಮಂದಿ. ಸಾವಿರಕ್ಕೆ ಇಬ್ಬರೂ ಇಲ್ಲ. ಅಷ್ಟು ದಶಕಗಳಿಂದ ಊರಿನ ಹಿಂದೂ, ಸಿಖ್, ಬೌದ್ಧ ಮನೆಗಳ ಹುಡುಗಿಯರು ಸಿಸ್ಟರ್‌ಗಳ ಕೈಯಲ್ಲಿ ಓದಿ, ಮದುವೆಯಾಗಿ, ತಮ್ಮ ಹೆಣ್ಣುಮಕ್ಕಳನ್ನೂ ಅದೇ ಗೇಟಿನೊಳಗೆ ಕಳಿಸಿದ್ದಾರೆ. ಧರ್ಮ ಬಿಡಿಸುವುದೇ ಉದ್ದೇಶವಾಗಿದ್ದರೆ ಇಷ್ಟು ಸೋತ ಕಾರ್ಯಕ್ರಮ ಇನ್ನೊಂದಿಲ್ಲ. ಅಲ್ಲದೆ ಹಿಮಾಚಲದಲ್ಲಿ ಮತಾಂತರದ ವಿರುದ್ಧ 2006ರಿಂದಲೇ ಕಾನೂನಿದೆ, 2019ರಲ್ಲಿ ಅದರ ಬದಲಿಗೆ ಇನ್ನೂ ಬಿಗಿಯಾದದ್ದು ಬಂತು. ಒತ್ತಾಯ, ಆಮಿಷ, ಮೋಸದಿಂದ ಮಹಿಳೆಯನ್ನು ಮತಾಂತರಿಸಿದರೆ ಶಿಕ್ಷೆ ಇನ್ನೂ ಹೆಚ್ಚು. ಇಂಥ ಕಾನೂನುಗಳ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ, ಇಲ್ಲಿ ಅದು ಬೇಡ. ಅತ್ತೆಯವರ ನೆಮ್ಮದಿಗೆ ಇಷ್ಟು ಸಾಕು.

ಹಾಗಂತ ಅಲ್ಲಿ ಧರ್ಮದ ಗಾಳಿಯೇ ಇಲ್ಲ ಅಂತಲ್ಲ. ಇಂಥ ಕಾಲೇಜುಗಳಲ್ಲಿ ಗೋಡೆ ಮೇಲೆ ಶಿಲುಬೆ ಇರುತ್ತದೆ, ಆವರಣದೊಳಗೆ ಪ್ರಾರ್ಥನಾ ಮಂದಿರ ಇರುತ್ತದೆ, ಡಿಸೆಂಬರಿನಲ್ಲಿ ಗೋದಲಿ (ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ ಕ್ರಿಸ್‌ಮಸ್ ಹಾಡು ಹಾಡುತ್ತಾರೆ, ಅಸೆಂಬ್ಲಿಯಲ್ಲಿ ಒಂದು ಪ್ರಾರ್ಥನೆ ಇರುತ್ತದೆ. ಕಥೋಲಿಕ ವಿದ್ಯಾರ್ಥಿನಿಯರಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಎಂದು ಬೇರೆ ಬೇರೆ ತರಗತಿ ಮಾಡುವ ರೂಢಿ ಈ ಬಗೆಯ ಸಂಸ್ಥೆಗಳಲ್ಲಿ ಬಹಳ ಹಳೆಯದು. ಇಷ್ಟನ್ನೂ ಮನೆ ಸಹಿಸದು ಎಂದಾದರೆ ಈ ಕಾಲೇಜು ಬೇಡ. ಶಿಮ್ಲಾದಲ್ಲೇ ಲಾಂಗ್‌ವುಡ್‌ನಲ್ಲಿ ಸರ್ಕಾರಿ ಮಹಿಳಾ ಕಾಲೇಜಿದೆ (ರಾಜಕೀಯ ಕನ್ಯಾ ಮಹಾವಿದ್ಯಾಲಯ, ಹೆಸರು ನೋಡಿ ಗಾಬರಿ ಬೇಡ, ಹಿಂದಿಯ ‘ರಾಜಕೀಯ’ ಅಂದರೆ ಸರ್ಕಾರಿ). ಅದರ ಶುಲ್ಕದ ಹೊರೆಯೂ ಹಗುರ.

ಪ್ರಾರ್ಥನೆ ಕಡ್ಡಾಯವೇ ಎಂಬುದಕ್ಕೆ ಉತ್ತರ ಸಂವಿಧಾನದಲ್ಲೇ ಇದೆ, 28ನೇ ವಿಧಿಯ ಮೂರನೇ ಖಂಡದಲ್ಲಿ. ಸರ್ಕಾರದ ಮಾನ್ಯತೆ ಇರುವ, ಇಲ್ಲವೇ ಸರ್ಕಾರದ ಹಣ ಪಡೆಯುವ ಯಾವುದೇ ವಿದ್ಯಾಸಂಸ್ಥೆಯಲ್ಲಿ ಓದುವವರನ್ನು, ಅವರ ಒಪ್ಪಿಗೆ ಇಲ್ಲದೆ, ಅಲ್ಲಿ ನಡೆಯುವ ಧಾರ್ಮಿಕ ಬೋಧನೆಗಾಗಲೀ ಪೂಜೆ-ಪ್ರಾರ್ಥನೆಗಾಗಲೀ ಹಾಜರಾಗುವಂತೆ ಮಾಡುವಂತಿಲ್ಲ. ಓದುವವರು ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಈ ಕೊನೆಯ ಮಾತನ್ನು ಗಮನಿಸಿ. ನಿಮ್ಮ ಮಗಳಿಗೆ ಹದಿನೆಂಟು ತುಂಬಿದೆ. ಪ್ರಾರ್ಥನೆಗೆ ಕೂರುತ್ತೇನೆ ಎನ್ನುವುದೂ, ಕೂರುವುದಿಲ್ಲ ಎನ್ನುವುದೂ ಈಗ ಅವಳ ಮಾತು. ನಿಮ್ಮದಲ್ಲ, ಅತ್ತೆಯವರದಲ್ಲ, ಪ್ರಿನ್ಸಿಪಾಲರದ್ದೂ ಅಲ್ಲ.

ಕೂರದಿರುವುದು ಎಂದರೆ ಏನು ಎಂಬುದಕ್ಕೆ ಒಳ್ಳೆಯ ಮಾದರಿ ಒಂದು ಹಳೇ ಮೊಕದ್ದಮೆಯಲ್ಲಿದೆ. ತಮಾಷೆ ಏನೆಂದರೆ ಅಲ್ಲಿ ದೂರು ತಂದವರು ಕ್ರೈಸ್ತರ ಒಂದು ಸಣ್ಣ ಪಂಗಡದವರು. ಕೇರಳದ ಮೂವರು ಒಡಹುಟ್ಟಿದ ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು, ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು, ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಎದ್ದು ನಿಂತರೆ ಗೌರವ ಸಂದಿತು, ಬಾಯಿ ತೆರೆಯುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ನಿಮ್ಮ ಮಗಳಿಗೂ ನಾನು ಹೇಳುವುದು ಅದನ್ನೇ: ಅಸೆಂಬ್ಲಿಯಲ್ಲಿ ಎಲ್ಲರ ಜೊತೆ ನಿಲ್ಲಲಿ, ಬೇಕಾದರೆ ಮನಸ್ಸಿನಲ್ಲಿ ಬಸವಣ್ಣನವರ ವಚನ ಹೇಳಿಕೊಳ್ಳಲಿ. ನಿಂತಲ್ಲಿಗೆ ಬಂದು ಯಾರೂ ಪರೀಕ್ಷೆ ಮಾಡುವುದಿಲ್ಲ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅತ್ತೆಯವರು ಹೆದರಬೇಕಾದ್ದು ಏಸುವಿಗಲ್ಲ, ಇಂಗ್ಲಿಷಿಗೆ. ಸಿಸ್ಟರ್‌ಗಳ ಕೈಯಲ್ಲಿ ಓದಿದ ನನ್ನ ತಂಗಿ (ಊರು, ಕಾಲೇಜು ಬೇಡ) ಮೂರು ವರ್ಷ ವಾರಕ್ಕೊಮ್ಮೆ ಅಲ್ಲಿನ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಕೂತು ಬಂದಳು, ಇವತ್ತಿಗೂ ಸೋಮವಾರ ಒಪ್ಪೊತ್ತು ಮಾಡುತ್ತಾಳೆ. ಆದರೆ ಅವಳ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಕಾನೂನು ಮಗಳ ಧರ್ಮಕ್ಕೆ ಬೇಲಿ ಹಾಕಿದೆ, ಭಾಷೆಗೆ ಯಾವ ಬೇಲಿಯೂ ಇಲ್ಲ. ಅಲ್ಲಿ ಭಾಷಾ ವಿಷಯವಾಗಿ ಕನ್ನಡ ಸಿಗುವುದಿಲ್ಲ, ಕೈಗೆ ಬರುವುದು ಇಂಗ್ಲಿಷ್ ಮತ್ತು ಹಿಂದಿ. ಪಿಯುಸಿಯಲ್ಲಿ ಅವಳು ಹಿಂದಿ ತೆಗೆದುಕೊಂಡಿರದಿದ್ದರೆ ಸೇರುವ ಮೊದಲೇ ಬಿ.ಕಾಂ.ನ ಭಾಷಾ ಪತ್ರಿಕೆಗಳ ಪಟ್ಟಿ ತರಿಸಿ ನೋಡಿ. ಅಂಕಪಟ್ಟಿ ಕೆಡುವುದು ಇಂಥ ಕಡೆ.

ಸೀಟಿನ ವಿಷಯ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಈ ಹಕ್ಕು ಎಲ್ಲಿಯವರೆಗೆ ಎಂಬುದನ್ನು 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಆ ಪ್ರಕರಣ ನಮ್ಮ ರಾಜ್ಯದ್ದೇ: ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನದು. ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶವನ್ನಲ್ಲ, ರಾಜ್ಯವನ್ನು ಘಟಕವಾಗಿ ಇಟ್ಟುಕೊಂಡು ನೋಡಬೇಕು ಎಂದದ್ದು ಅದೇ ತೀರ್ಪು. ಅನುದಾನ ಪಡೆಯುವ ಸಂಸ್ಥೆ ಹೊರಗಿನವರನ್ನೂ, ಅಂದರೆ ಬೇರೆ ಸಮುದಾಯದವರನ್ನೂ, ತಕ್ಕ ಪ್ರಮಾಣದಲ್ಲಿ ಸೇರಿಸಿಕೊಳ್ಳಬೇಕು. ಅನುದಾನವಿಲ್ಲದ್ದಕ್ಕೆ ಸ್ವಾತಂತ್ರ್ಯ ಹೆಚ್ಚು, ಆದರೆ ಆಯ್ಕೆ ಪಾರದರ್ಶಕವಾಗಿ, ಅರ್ಹತೆ ನೋಡಿ ನಡೆಯಬೇಕು. ಹೊರಗಿನವರನ್ನು ಸೇರಿಸಿಕೊಂಡ ಮಾತ್ರಕ್ಕೆ ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪ ಹೋಗುವುದೂ ಇಲ್ಲ.

ಇದು ಕಾನೂನು. ವ್ಯವಹಾರ ಇದಕ್ಕಿಂತ ಸರಳ. ಸಾವಿರಕ್ಕೆ ಇಬ್ಬರೂ ಇಲ್ಲದ ಕ್ರೈಸ್ತರಿಂದ ಒಂದು ಕಾಲೇಜಿನ ಬೆಂಚು ತುಂಬುವುದಿಲ್ಲ. ನಿಮ್ಮ ಮಗಳ ಎದುರಾಳಿ ಕ್ರೈಸ್ತ ಹುಡುಗಿಯಲ್ಲ, ಅವಳಿಗಿಂತ ನಾಲ್ಕು ಅಂಕ ಹೆಚ್ಚು ತೆಗೆದ ಶಿಮ್ಲಾದ ಶರ್ಮಾ, ಠಾಕೂರ್ ಮನೆಗಳ ಹುಡುಗಿಯರು. ಒಂದು ಎಚ್ಚರಿಕೆ: ನಿಮ್ಮ ಕರ್ನಾಟಕದ ಜಾತಿ ಪ್ರಮಾಣಪತ್ರ, 3ಬಿ ಇತ್ಯಾದಿ, ಅಲ್ಲಿ ನಡೆಯುವುದಿಲ್ಲ. ಒಂದು ರಾಜ್ಯದ ಮೀಸಲು ಪಟ್ಟಿ ವಲಸೆ ಹೋದವರ ಜೊತೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ ಎಂಬುದು 1990ರಿಂದಲೇ ಸುಪ್ರೀಂ ಕೋರ್ಟ್ ಹೇಳಿಕೊಂಡು ಬಂದ ಮಾತು. ಮೇಲಾಗಿ ಸಂವಿಧಾನದ 15ನೇ ವಿಧಿಯ ಐದನೇ ಖಂಡ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಪ್ರವೇಶದ ಮೀಸಲಾತಿಯಿಂದ ಹೊರಗಿಟ್ಟಿದೆ. ಅಂಕಪಟ್ಟಿ ಮತ್ತು ಯಜಮಾನರ ವರ್ಗಾವಣೆ ಆದೇಶದ ಪ್ರತಿ, ಎರಡನ್ನು ನಂಬಿಕೊಂಡು ಹೋಗಿ.

ಡಿಗ್ರಿ ನಡೆಯುತ್ತದೆ. ಅನುಮಾನವೇ ಬೇಡ. ಕಾಲೇಜು ಹಿಮಾಚಲ ಪ್ರದೇಶ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದೆ, ಅದು 1970ರಲ್ಲಿ ಶುರುವಾದ ರಾಜ್ಯ ವಿಶ್ವವಿದ್ಯಾಲಯ. ಎಂ.ಕಾಂ.ಗೆ, ಬ್ಯಾಂಕ್ ಪರೀಕ್ಷೆಗೆ, ಕೆಎಎಸ್‌ಗೆ ಎಲ್ಲಕ್ಕೂ ನಡೆಯುತ್ತದೆ.

ಮಧ್ಯದಲ್ಲಿ ವರ್ಗವಾದರೆ? ಇಲ್ಲಿ ನನಗೆ ನಿಜವಾದ ಚಿಂತೆ. ಪಠ್ಯಕ್ರಮ, ವಿಷಯಗಳ ಜೋಡಣೆ, ಪರೀಕ್ಷೆಯ ಪದ್ಧತಿ ಯಾವುದೂ ನಮ್ಮ ವಿಶ್ವವಿದ್ಯಾಲಯಗಳ ಜೊತೆ ಕೂಡಿ ಬರುವುದಿಲ್ಲ. ಒಂದು ವರ್ಷ ಅಲ್ಲಿ ಓದಿ ಎರಡನೇ ವರ್ಷಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಬಂದು ಕೂರುತ್ತೇನೆ ಎಂದರೆ ಕಾಗದದ ಮೇಲೆ ದಾರಿ ಇದ್ದರೂ ನಡೆಯುವಾಗ ಮುಳ್ಳೇ ಹೆಚ್ಚು. ಬಿಟ್ಟುಹೋದ ಪತ್ರಿಕೆಗಳನ್ನು ಹೊತ್ತುಕೊಂಡು ಓಡಾಡಿದ ಹುಡುಗಿಯರನ್ನು ಕಂಡಿದ್ದೇನೆ. ಆದ್ದರಿಂದ ಸೇರಿಸುವಾಗಲೇ ಮನಸ್ಸಿನಲ್ಲಿ ಒಂದು ಗಟ್ಟಿ ಮಾಡಿಕೊಳ್ಳಿ: ನಿಮಗೆ ವರ್ಗವಾದರೂ ಅವಳು ಹಾಸ್ಟೆಲಿನಲ್ಲಿದ್ದು ಪದವಿ ಮುಗಿಸಿಯೇ ಬರುತ್ತಾಳೆ. ಅದಕ್ಕೆ ಮನಸ್ಸಿಲ್ಲದಿದ್ದರೆ ಈಗಲೇ ಕರ್ನಾಟಕದಲ್ಲಿ ಸೇರಿಸಿ ನೀವಿಬ್ಬರೇ ಶಿಮ್ಲಾಕ್ಕೆ ಹೋಗುವುದು ಲೇಸು. ಸೇರಿಸಿ ಆಮೇಲೆ ಮನಸ್ಸು ಬದಲಾದರೆ ಶುಲ್ಕ ವಾಪಸಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟರೆ ಪೂರ್ತಿ, ಆ ಹದಿನೈದು ದಿನದೊಳಗೆ ಬಿಟ್ಟರೆ 90%, ಕೊನೆಯ ದಿನ ಕಳೆದ ಹದಿನೈದು ದಿನದವರೆಗೆ 80%, ತಿಂಗಳವರೆಗೆ 50%, ಆಮೇಲೆ ಏನೂ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ನೋಡಿ ಹಿಂದಿರುಗಿಸಬೇಕೇ ಹೊರತು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದರಲ್ಲೇ ಇದೆ.

ಹಾಸ್ಟೆಲ್ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಿಸ್ಟರ್‌ಗಳ ಹಾಸ್ಟೆಲೆಂದರೆ ಗಂಟೆ. ಏಳುವುದಕ್ಕೆ ಗಂಟೆ, ತಿಂಡಿಗೆ ಗಂಟೆ, ಓದಿಗೆ ಗಂಟೆ, ದೀಪ ಆರಿಸುವುದಕ್ಕೂ ಗಂಟೆ. ಹೊರಗೆ ಹೋಗಲು ಚೀಟಿ, ಬರಲು ಹೊತ್ತು, ನೋಡಲು ಬರುವವರ ಹೆಸರು ಮೊದಲೇ ಬರೆದುಕೊಡಬೇಕು, ಫೋನಿಗೂ ನಿಯಮ. ಅಪ್ಪ-ಅಮ್ಮಂದಿರಿಗೆ ಇದು ಇಷ್ಟ, ಹದಿನೆಂಟರ ಹುಡುಗಿಗೆ ಉಸಿರುಗಟ್ಟುತ್ತದೆ. ನನ್ನ ಅನುಭವದಲ್ಲಿ ಇಂಥ ಕಾಲೇಜು ಬಿಟ್ಟು ಬಂದ ಹುಡುಗಿಯರಲ್ಲಿ ಪ್ರಾರ್ಥನೆಯ ದೆಸೆಯಿಂದ ಬಂದವಳು ಒಬ್ಬಳೂ ಇಲ್ಲ, ಗಂಟೆಯ ದೆಸೆಯಿಂದ ಬಂದವರು ಬೇಕಾದಷ್ಟು. ಕಾನೂನೂ ಈಗ ಹುಡುಗಿಯರ ಕಡೆಗೆ ನಿಧಾನವಾಗಿ ವಾಲುತ್ತಿದೆ. 2019ರಲ್ಲಿ ಕೇರಳ ಹೈಕೋರ್ಟ್ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಅರ್ಜಿಯಲ್ಲಿ, ಹಾಸ್ಟೆಲಿನಲ್ಲಿ ಫೋನ್ ಬಳಕೆಯ ನಿರ್ಬಂಧಕ್ಕೆ ಒಪ್ಪಲಿಲ್ಲವೆಂದು ಅವಳನ್ನು ಹೊರಹಾಕಿದ್ದು ತಪ್ಪು ಎಂದಿತು, ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಎಂದಿತು. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ನಿಯಮವನ್ನು ಹುಡುಗಿಯರ ಹಾಸ್ಟೆಲಿಗೆ ಹಾಕಬಾರದು ಎಂದು ಯುಜಿಸಿಯ 2015ರ ನಿಯಮಾವಳಿಯೂ ಹೇಳುತ್ತದೆ. ಹುಡುಗರೇ ಇಲ್ಲದ ಕಾಲೇಜಿನಲ್ಲಿ ಯಾರ ಜೊತೆ ಹೋಲಿಸಿ ನೋಡುವುದು ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ. ಅದಕ್ಕೇ ಹಾಸ್ಟೆಲಿನ ನಿಯಮಗಳ ಪುಸ್ತಕವನ್ನು ತರಿಸಿ, ಮಗಳೇ ಓದಲಿ, ಓದಿ ಅವಳೇ ಸಹಿ ಹಾಕಲಿ.

ಚಳಿಯನ್ನು ಮರೆಯಬೇಡಿ. ಕಾಲೇಜು ಇರುವ ನವ್‌ಬಹಾರ್ ದೇವದಾರು ಮರಗಳ ನಡುವಿನ ಇಳಿಜಾರು. ಶಿಮ್ಲಾ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಜನವರಿಯಲ್ಲಿ ಹಿಮ ಬೀಳುತ್ತದೆ, ನಮ್ಮ ಕಡೆ ಬೇಸಿಗೆ ರಜೆ ಇದ್ದಂತೆ ಅಲ್ಲಿ ಚಳಿಗಾಲದ ದೊಡ್ಡ ರಜೆ. ಹುಡುಗಿಯರೆಲ್ಲ ಊರಿಗೆ ಹೊರಡುತ್ತಾರೆ. ನಿಮಗೆ ಆ ಹೊತ್ತಿಗೆ ವರ್ಗವಾಗಿದ್ದರೆ ಅವಳು ಶಿಮ್ಲಾದಿಂದ ದಾವಣಗೆರೆಯವರೆಗೆ ಪ್ರಯಾಣ ಮಾಡಬೇಕು, ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ನೀರಿನ ಬಗ್ಗೆಯೂ ವಿಚಾರಿಸಿ. 2018ರ ಬೇಸಿಗೆಯಲ್ಲಿ ಶಿಮ್ಲಾಕ್ಕೆ ನೀರಿಲ್ಲದೆ ಪ್ರವಾಸಿಗರಿಗೇ ಬರಬೇಡಿ ಎನ್ನುವಂತಾಗಿತ್ತು. ಇನ್ನು ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. 2023ರ ಆಗಸ್ಟಿನಲ್ಲಿ ವಿಶ್ವವಿದ್ಯಾಲಯ ಇರುವ ಸಮ್ಮರ್ ಹಿಲ್‌ನಲ್ಲೇ ಗುಡ್ಡ ಜಾರಿ ಒಂದು ಶಿವಾಲಯ ಪೂಜೆಗೆ ಬಂದಿದ್ದವರ ಸಮೇತ ಕೊಚ್ಚಿಹೋಯಿತು, ರೈಲು ಹಳಿಯೂ ತೂಗಾಡಿತು. ನಮ್ಮ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಬಯಲುಸೀಮೆಯ ನಿಮಗೆ ಹೇಳುತ್ತಿದ್ದೇನೆ. ಪ್ರವೇಶದ ಓಡಾಟವನ್ನು ಜುಲೈ ಕೊನೆಗೆ ತಳ್ಳಬೇಡಿ.

ಹೊರಡುವ ಮುಂಚೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ವಲಸೆ ಪ್ರಮಾಣಪತ್ರ ತೆಗೆದುಕೊಳ್ಳಿ, ಪಿಯು ಕಾಲೇಜಿನಿಂದ ಟಿ.ಸಿ. ಮತ್ತು ನಡತೆ ಪತ್ರ. ಅಲ್ಲಿಂದ ತರಿಸಿಕೊಳ್ಳಲು ಹೋದರೆ ತಿಂಗಳು ಹಿಡಿಯುತ್ತದೆ. ಸ್ವೆಟರ್, ಶಾಲು ಬೆಂಗಳೂರಿನಲ್ಲಿ ಕೊಳ್ಳಬೇಡಿ. ಇಲ್ಲಿ ಸಿಗುವುದು ಅಲ್ಲಿನ ಅಕ್ಟೋಬರಿಗೂ ಸಾಲದು. ಶಿಮ್ಲಾದ ಲೋಅರ್ ಬಜಾರಿನಲ್ಲಿ ತೆಗೆದುಕೊಳ್ಳಿ, ಚೌಕಾಸಿ ಮಾಡಲು ಅತ್ತೆಯವರನ್ನೂ ಕರೆದುಕೊಂಡು ಹೋಗಿ.